ಎಲ್ಲಿಂದ ಎನ್ನುವ ಮೊದಲು ಯಾವಾಗ: ಹಳೆಯ ಕಾರಿನ ಶಬ್ದಗಳ ಜಾಡು ಹಿಡಿದ ನನ್ನ ಅನುಭವ

ಕಾರಿನಲ್ಲಿ ಹೊಸದೊಂದು ಶಬ್ದ ಕೇಳಿಸಿದ ಕೂಡಲೇ ಯಾರಾದರೂ ಕೇಳುವುದು, ಅದು ಎಲ್ಲಿಂದ ಬರುತ್ತಿದೆ ಎಂದು. ಹದಿನೈದು ವರ್ಷ ತುಂಬಿ, ನೋಂದಣಿಯನ್ನು ಮತ್ತೆ ಐದು ವರ್ಷಕ್ಕೆ ನವೀಕರಿಸಿಕೊಂಡ ಸಣ್ಣ ಪೆಟ್ರೋಲ್ ಕಾರೊಂದನ್ನು ಬೆಂಗಳೂರಿನ ರಸ್ತೆಗಳಲ್ಲಿ ಓಡಿಸುತ್ತ, ಅದರ ರಿಪೇರಿಯ ಬಹುಪಾಲನ್ನು ಮನೆಯ ಮುಂದೆಯೇ ಮಾಡಿಕೊಳ್ಳುತ್ತ ಬಂದಿರುವ ನಾನು ಆ ಪ್ರಶ್ನೆಯನ್ನು ಎರಡನೆಯದಾಗಿ ಇಟ್ಟುಕೊಳ್ಳುತ್ತೇನೆ. ಶಬ್ದ ಯಾವಾಗ ಬರುತ್ತದೆ, ಯಾವುದರ ಜೊತೆ ಏರುತ್ತದೆ, ಏನು ಮಾಡಿದರೆ ನಿಲ್ಲುತ್ತದೆ ಎಂಬುದು ಮೊದಲು ಗೊತ್ತಾಗಬೇಕು. ಕಾರಿನ ಮೈಯೆಲ್ಲ ಒಂದಕ್ಕೊಂದು ಬೆಸೆದ ಉಕ್ಕಿನ ತಗಡು. ಮುಂದಿನ ಎಡಗಾಲಿಯ ಬಳಿ ಹುಟ್ಟಿದ ಬಡಿತ ಆ ತಗಡಿನ ಮೂಲಕ ಹರಿದು ಡ್ಯಾಶ್‌ಬೋರ್ಡಿನ ನಡುವೆ ಕೇಳಿಸುತ್ತದೆ. ಹಿಂದಿನ ಚಕ್ರ ನುಣುಪಾಗಿ ತಿರುಗುವಂತೆ ಮಾಡುವ ಬೇರಿಂಗಿನ ಗುಂಯ್‌ಗುಡುವಿಕೆ ಕಾಲ ಕೆಳಗಿನಿಂದ ಬಂದಂತೆ ಅನಿಸುತ್ತದೆ. ಜಾಗದ ವಿಷಯದಲ್ಲಿ ಕಿವಿ ಹೀಗೆ ಮೋಸಹೋಗುತ್ತದೆ. ಸಮಯದ ವಿಷಯದಲ್ಲಿ ಮೋಸಹೋಗುವುದು ತೀರ ಕಡಿಮೆ.

ನಾನು ಮಾಡುವ ಮೊದಲ ಪರೀಕ್ಷೆ ಎಂಜಿನ್ನಿನ ವೇಗವನ್ನೂ ಚಕ್ರದ ವೇಗವನ್ನೂ ಬೇರ್ಪಡಿಸುವುದು. ನಿಂತ ಕಾರಿನಲ್ಲಿ ನ್ಯೂಟ್ರಲ್‌ನಲ್ಲಿ ಎಕ್ಸೆಲರೇಟರ್ ಒತ್ತಿದಾಗ ಶಬ್ದ ಬಂದರೆ ಅದು ಎಂಜಿನ್, ಬೆಲ್ಟು, ಕ್ಲಚ್, ಗೇರ್‌ಬಾಕ್ಸ್, ಸೈಲೆನ್ಸರ್ ಅಥವಾ ಅವುಗಳಿಗೆ ಅಂಟಿಕೊಂಡ ಯಾವುದಾದರೂ ತಗಡಿನದು. ಕಾರು ಓಡುವಾಗ ಮಾತ್ರ ಬಂದರೆ, ಖಾಲಿ ರಸ್ತೆಯಲ್ಲಿ 50 ಕಿ.ಮೀ. ವೇಗಕ್ಕೆ ಒಯ್ದು, ಎಂಜಿನ್ ಆರಿಸದೆ ನ್ಯೂಟ್ರಲ್‌ಗೆ ಹಾಕಿ ಕಿವಿಗೊಡುತ್ತೇನೆ. ಎಂಜಿನ್ ಆರಿಸಿದರೆ ಬ್ರೇಕಿಗೂ ಪವರ್ ಸ್ಟಿಯರಿಂಗಿಗೂ ಸಿಗುವ ನೆರವು ಇಲ್ಲವಾಗುವುದರಿಂದ ಹಾಗೆ ಎಂದೂ ಮಾಡಬಾರದು. ನ್ಯೂಟ್ರಲ್‌ನಲ್ಲಿ ಎಂಜಿನ್ ನಿಮಿಷಕ್ಕೆ ಸುಮಾರು 800 ಸುತ್ತಿಗೆ ಇಳಿದರೂ ಶಬ್ದ ಇಳಿಯದಿದ್ದರೆ ಟೈರು, ಬೇರಿಂಗ್, ಬ್ರೇಕು, ಆಕ್ಸಲ್ ಹೀಗೆ ಚಕ್ರದ ಜೊತೆ ತಿರುಗುವ ಭಾಗಗಳಲ್ಲೇ ಹುಡುಕಿದರೆ ಸಾಕು.

ಟಿಕ್ ಟಿಕ್ ಎನ್ನುವ ಬಗೆಯ ಶಬ್ದವಾದರೆ ಲೆಕ್ಕವೂ ನೆರವಿಗೆ ಬರುತ್ತದೆ. ನನ್ನ ಕಾರಿನ ಟೈರಿನ ಅಳತೆ 155/65 ಆರ್ 13. ಅದರ ಸುತ್ತಳತೆ ಸುಮಾರು 1.67 ಮೀಟರ್. ಗಂಟೆಗೆ 20 ಕಿ.ಮೀ. ವೇಗದಲ್ಲಿ ಆ ಚಕ್ರ ಸೆಕೆಂಡಿಗೆ ಮೂರು ಸುತ್ತಿಗಿಂತ ತುಸು ಹೆಚ್ಚು ತಿರುಗುತ್ತದೆ. ಟೈರಿನ ಗೆರೆಯಲ್ಲಿ ಸಿಕ್ಕಿಕೊಂಡ ಜಲ್ಲಿಕಲ್ಲು ಸುತ್ತಿಗೊಮ್ಮೆ ನೆಲಕ್ಕೆ ತಾಗುವುದರಿಂದ ಅಷ್ಟೇ ಸಲ ಟಿಕ್ ಎನ್ನುತ್ತದೆ. ನಿಂತ ಕಾರಿನಲ್ಲಿ ಎಂಜಿನ್ ನಿಮಿಷಕ್ಕೆ 800 ಸುತ್ತಿನಲ್ಲಿ ಓಡುವಾಗ, ವಾಲ್ವುಗಳನ್ನು ತೆರೆಯುವ ಕ್ಯಾಮ್‌ಶಾಫ್ಟ್ ಅದರ ಅರ್ಧ ವೇಗದಲ್ಲಿ ತಿರುಗುವುದರಿಂದ, ವಾಲ್ವನ್ನು ಒತ್ತುವ ಭಾಗವಾದ ಟ್ಯಾಪೆಟ್ ಒಂದು ಸಡಿಲವಾಗಿದ್ದರೆ ಅದರ ಶಬ್ದ ಸೆಕೆಂಡಿಗೆ ಆರೇಳು ಸಲ ಬರುತ್ತದೆ. ಇಷ್ಟು ವೇಗದ ಶಬ್ದವನ್ನು ಕಿವಿ ಎಣಿಸಲಾರದು. ಆದ್ದರಿಂದ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ಕಾಲು ಭಾಗ ವೇಗದಲ್ಲಿ ಹಾಕಿ ಎಣಿಸುತ್ತೇನೆ.

ನನ್ನನ್ನು ಹೆಚ್ಚು ಕಾಡಿದ್ದು ಮುಂಭಾಗದಿಂದ ಬರುತ್ತಿದ್ದ ಲೊಟಲೊಟ ಶಬ್ದ. ದೊಡ್ಡ ಗುಂಡಿಗೆ ಇಳಿದಾಗ ಅದು ಕೇಳಿಸುತ್ತಿರಲಿಲ್ಲ. ಕೇಬಲ್‌ಗಾಗಿ ಅಗೆದು ಅರೆಬರೆ ಮುಚ್ಚಿದ ನಮ್ಮ ಬನಶಂಕರಿಯ ಅಡ್ಡರಸ್ತೆಗಳಲ್ಲಿ, ನಡೆದಷ್ಟೇ ವೇಗದಲ್ಲಿ ಹೋಗುವಾಗ ನಿರಂತರವಾಗಿ ಬರುತ್ತಿತ್ತು. ತೋರಿಸಿದಲ್ಲೆಲ್ಲ ಒಂದೊಂದು ಊಹೆ. ಒಬ್ಬರು ಶಾಕ್ ಅಬ್ಸಾರ್ಬರ್ ಎಂದರು, ಇನ್ನೊಬ್ಬರು, "ಸಾರ್, ಲೋವರ್ ಆರ್ಮ್ ಎರಡೂ ಸೈಡ್ ಹಾಕಿಬಿಡೋಣ, ಸರಿಹೋಗುತ್ತೆ" ಎಂದು ಚಕ್ರವನ್ನು ಕಾರಿನ ತಳಕ್ಕೆ ಜೋಡಿಸುವ ತೋಳುಗಳನ್ನು ತೋರಿಸಿದರು. ಹಳೆಯ ಕಾರಿನಲ್ಲಿ ಯಾವ ಭಾಗವನ್ನು ಬೆರಳು ಮಾಡಿ ತೋರಿಸಿದರೂ ಅದು ಸ್ವಲ್ಪ ಸವೆದೇ ಇರುತ್ತದೆ. ಆ ಸವೆತವೇ ಈ ಶಬ್ದಕ್ಕೆ ಕಾರಣ ಎಂಬುದು ಅಷ್ಟರಿಂದ ಸಿದ್ಧವಾಗುವುದಿಲ್ಲ.

ನಾನು ಮೊದಲು ಒಂದು ಅಗಲವಾದ ಹಂಪನ್ನು ನೇರವಾಗಿ, ಎರಡೂ ಮುಂಗಾಲಿಗಳು ಒಟ್ಟಿಗೆ ಏರುವಂತೆ ನಿಧಾನವಾಗಿ ದಾಟಿದೆ. ಶಬ್ದವಿಲ್ಲ. ಅದೇ ಹಂಪನ್ನು ಓರೆಯಾಗಿ, ಮೊದಲು ಎಡಗಾಲಿ ಆಮೇಲೆ ಬಲಗಾಲಿ ಏರುವಂತೆ ದಾಟಿದಾಗ ಸ್ಪಷ್ಟವಾಗಿ ಲೊಟ್ ಎಂದಿತು. ಈ ವ್ಯತ್ಯಾಸದಲ್ಲಿ ಬಹಳಷ್ಟು ಅಡಗಿದೆ. ಎಡಬಲದ ಚಕ್ರಗಳನ್ನು ಜೋಡಿಸುವ ಸ್ಟೆಬಿಲೈಜರ್ ಬಾರ್, ಎರಡೂ ಚಕ್ರಗಳು ಒಟ್ಟಿಗೆ ಮೇಲೇರಿದಾಗ ತನ್ನನ್ನು ಹಿಡಿದ ರಬ್ಬರ್ ಬುಷ್‌ಗಳಲ್ಲಿ ಸುಮ್ಮನೆ ಹೊರಳುತ್ತದೆ. ಅದರ ತುದಿಯನ್ನು ಚಕ್ರದ ಕಡೆಗೆ ಜೋಡಿಸುವ ಸಣ್ಣ ಸರಳಾದ ಲಿಂಕಿನ ಮೇಲೆ ಭಾರ ಬೀಳುವುದೇ ಇಲ್ಲ ಎನ್ನಬಹುದು. ಒಂದೇ ಚಕ್ರ ಏರಿದಾಗ ಮಾತ್ರ ಬಾರ್ ತಿರುಚಿಕೊಂಡು, ಲಿಂಕನ್ನು ಒಮ್ಮೆ ಎಳೆದು ಒಮ್ಮೆ ತಳ್ಳುತ್ತದೆ. ಲಿಂಕಿನ ತುದಿಯ ಗುಂಡು ಸವೆದಿದ್ದರೆ ಶಬ್ದ ಬರುವುದು ಆಗಲೇ. ಶಾಕ್ ಅಬ್ಸಾರ್ಬರ್ ಕೆಟ್ಟಿದ್ದರೆ ನೇರವಾಗಿ ಹಂಪು ಹಾರಿಸಿದಾಗಲೂ ಶಬ್ದ ಬರಬೇಕಿತ್ತು. ಲೋವರ್ ಆರ್ಮಿನ ಬುಷ್ ಹೋಗಿದ್ದರೆ, ಸಮತಟ್ಟಾದ ಜಾಗದಲ್ಲಿ ಮುಂದಕ್ಕೂ ಹಿಂದಕ್ಕೂ ಸ್ವಲ್ಪ ಚಲಿಸಿ ತಟ್ಟನೆ ಬ್ರೇಕ್ ಒತ್ತಿದಾಗ ಒಂದು ದಪ್ಪ ಬಡಿತ ಕೇಳಿಸಬೇಕಿತ್ತು. ಅದೂ ಇರಲಿಲ್ಲ. ಸ್ಪ್ರಿಂಗೂ ಶಾಕ್ ಅಬ್ಸಾರ್ಬರೂ ಸೇರಿದ ಸ್ಟ್ರಟ್ಟಿನ ಮೇಲ್ತುದಿಯನ್ನು ಕಾರಿನ ಮೈಗೆ ಹಿಡಿಸುವ ಮೌಂಟ್ ಕೆಟ್ಟಿದ್ದರೆ ನಿಂತಲ್ಲೇ ಸ್ಟಿಯರಿಂಗ್ ತಿರುಗಿಸಿದಾಗ ಸ್ಪ್ರಿಂಗು ಸಿಡಿದಂತೆ ಟಣ್ ಎನ್ನಬೇಕಿತ್ತು. ಬಾನೆಟ್ ತೆರೆದು ಎರಡೂ ಮೌಂಟಿನ ಮೇಲೆ ಕೈಯಿಟ್ಟುಕೊಂಡೆ, ತಮ್ಮ ಸ್ಟಿಯರಿಂಗ್ ತಿರುಗಿಸಿದ. ಕೈಗೂ ಏನೂ ತಾಗಲಿಲ್ಲ.

ಇಷ್ಟಾದರೂ ನಾನು ಬಿಡಿಭಾಗ ಕೊಳ್ಳಲಿಲ್ಲ. ಶಬ್ದವನ್ನು ಬೇಕೆಂದಾಗ ಬರಿಸಲು ಸಾಧ್ಯವಾಗಿತ್ತು, ಬೇಕೆಂದಾಗ ನಿಲ್ಲಿಸಿ ನೋಡುವುದು ಬಾಕಿಯಿತ್ತು. ಎರಡೂ ಕಡೆಯ ಲಿಂಕುಗಳನ್ನು ಬಿಚ್ಚಿ, ಬಾರ್ ಯಾವುದಕ್ಕೂ ತಾಗದಂತೆ ತಂತಿಯಿಂದ ಕಟ್ಟಿ, ಅದೇ ಅಡ್ಡರಸ್ತೆಯಲ್ಲಿ ತೀರ ನಿಧಾನವಾಗಿ ಓಡಿಸಿದೆವು. ಕಾರು ತಿರುವಿನಲ್ಲಿ ಹೆಚ್ಚು ವಾಲುವುದರಿಂದ ಈ ಸ್ಥಿತಿಯಲ್ಲಿ ಮುಖ್ಯರಸ್ತೆಗೆ ಹೋಗಲೇಬಾರದು. ಪಕ್ಕದಲ್ಲಿ ನಡೆಯುತ್ತಿದ್ದ ತಮ್ಮ, "ಅಣ್ಣ, ಪೂರ್ತಿ ನಿಂತಿದೆ" ಎಂದ ಮೇಲೆಯೇ ವಾಹನದ ಬಿಡಿಭಾಗಗಳ ಅಂಗಡಿಗಳಿರುವ ಜೆ.ಸಿ. ರಸ್ತೆಗೆ ಹೋಗಿ ಲಿಂಕಿನ ಜೋಡಿ ತಂದದ್ದು. ಹೊಸ ಲಿಂಕ್ ಕೂರಿಸುವವರಿಗೆ ಒಂದು ಮಾತು: ನಟ್ ಬಿಗಿಯುವಾಗ ನಡುವಿನ ಬೋಲ್ಟು ತಿರುಗದಂತೆ ಇನ್ನೊಂದು ಸ್ಪ್ಯಾನರಿನಿಂದಲೋ ಅಲೆನ್ ಕೀಯಿಂದಲೋ ಹಿಡಿಯಬೇಕು. ಇಲ್ಲದಿದ್ದರೆ ಗುಂಡಿನ ಸುತ್ತಲಿನ ರಬ್ಬರ್ ಹೊದಿಕೆ ತಿರುಚಿ ಹರಿದು, ಮಳೆಗಾಲದ ಕೆಸರು ಒಳಗಿಳಿದು, ಕೆಲವೇ ತಿಂಗಳಲ್ಲಿ ಅದೇ ಶಬ್ದ ಮತ್ತೆ ಶುರುವಾಗುತ್ತದೆ.

ಎರಡನೆಯದು ಗುಂಯ್ ಎನ್ನುವ ಶಬ್ದ, 40 ಕಿ.ಮೀ. ದಾಟಿದ ಮೇಲೆ ಶುರುವಾಗಿ ವೇಗದ ಜೊತೆ ಏರುತ್ತಿತ್ತು. ನ್ಯೂಟ್ರಲ್ ಪರೀಕ್ಷೆಯಲ್ಲಿ ಎಂಜಿನ್ ನಿರ್ದೋಷಿಯಾಯಿತು. ಉಳಿದದ್ದು ಟೈರೋ ಬೇರಿಂಗೋ ಎಂಬ ಪ್ರಶ್ನೆ. ಇದನ್ನು ತೀರ್ಮಾನಿಸಲು ಬೆಂಗಳೂರಿನಷ್ಟು ಅನುಕೂಲದ ಊರು ಬೇರೆ ಸಿಗಲಾರದು. ವೈಟ್ ಟಾಪಿಂಗ್ ಮಾಡಿದ ಕಾಂಕ್ರೀಟ್ ರಸ್ತೆ ಮುಗಿದು ಡಾಂಬರು ಶುರುವಾಗುವ ಕೂಡುಜಾಗಗಳು ಈಗ ನಗರದ ಎಲ್ಲ ಕಡೆಯೂ ಇವೆ. ಟೈರಿನ ಶಬ್ದವಾದರೆ ಆ ಗೆರೆ ದಾಟುತ್ತಿದ್ದಂತೆ ಅದರ ಸ್ವರ ಬದಲಾಗುತ್ತದೆ. ಬೇರಿಂಗ್ ರಸ್ತೆಯ ಮೇಲ್ಮೈಯನ್ನು ಲೆಕ್ಕಿಸುವುದಿಲ್ಲ. ನನ್ನ ಕಾರಿನ ಶಬ್ದ ಬದಲಾಗಲಿಲ್ಲ. ಆಮೇಲೆ ನೈಸ್ ರಸ್ತೆಯ ಉದ್ದನೆಯ ತಿರುವುಗಳಲ್ಲಿ ಕೇಳಿದೆ. ಎಡಕ್ಕೆ ತಿರುಗುವಾಗ ಕಾರಿನ ಭಾರ ಬಲಗಾಲಿಗಳ ಮೇಲೆ ಬೀಳುತ್ತದೆ, ಬಲಕ್ಕೆ ತಿರುಗುವಾಗ ಎಡಗಾಲಿಗಳ ಮೇಲೆ. ಎಡತಿರುವಿನಲ್ಲಿ ಶಬ್ದ ಗಟ್ಟಿಯಾಗಿ, ಬಲತಿರುವಿನಲ್ಲಿ ಬಹುತೇಕ ಅಡಗಿದ್ದರಿಂದ ಬಲಬದಿಯ ಬೇರಿಂಗಿನ ಮೇಲೆ ಅನುಮಾನ ಬಂತು.

ಬಲಬದಿಯಲ್ಲಿಯೂ ಮುಂದಿನದೋ ಹಿಂದಿನದೋ ಎಂಬುದನ್ನು ಕೈಯಿಂದಲೇ ತಿಳಿಯಬಹುದು. ಉಳಿದ ಗಾಲಿಗಳಿಗೆ ಕಲ್ಲು ಕೊಟ್ಟು, ಜಾಕಿಯಿಂದ ಎತ್ತಿ, ಗಟ್ಟಿ ಸ್ಟ್ಯಾಂಡಿನ ಮೇಲೆ ಕೂರಿಸಿದ ಮೇಲೆ (ಬರೀ ಜಾಕಿಯನ್ನು ನಂಬಿ ಕಾರಿನ ಕೆಳಗೆ ಮೈಯೊಡ್ಡಬೇಡಿ ಎಂದು ಎಲ್ಲರನ್ನೂ ಕೈಮುಗಿದು ಕೇಳಿಕೊಳ್ಳುತ್ತೇನೆ) ಒಂದು ಕೈಯನ್ನು ಸಸ್ಪೆನ್ಷನ್ನಿನ ಸ್ಪ್ರಿಂಗಿನ ಮೇಲಿಟ್ಟು, ಇನ್ನೊಂದು ಕೈಯಿಂದ ಚಕ್ರ ತಿರುಗಿಸಿದೆ. ಕಿವಿಗೆ ಕೇಳಿಸದಷ್ಟು ಸಣ್ಣ ಒರಟುತನವೂ ಸ್ಪ್ರಿಂಗಿನ ಮೂಲಕ ಬೆರಳಿಗೆ ತಲುಪುತ್ತದೆ. ಹಿಂದಿನ ಗಾಲಿ ನುಣುಪಾಗಿ ತಿರುಗಿತು, ಮುಂದಿನದು ರಾಗಿ ಬೀಸುವ ಕಲ್ಲಿನಂತೆ ಗರಗರ ಎಂದಿತು. ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದಾಗ ಆಟ, ಅಂದರೆ ಸಡಿಲ, ಏನೂ ಇರಲಿಲ್ಲ. ಆಟವಿಲ್ಲದ ಮಾತ್ರಕ್ಕೆ ಬೇರಿಂಗ್ ಚೆನ್ನಾಗಿದೆ ಎನ್ನುವಂತಿಲ್ಲ. ಬೇರಿಂಗ್ ಕೂರಿಸುವ ಕೆಲಸವನ್ನು ಮಾತ್ರ ಹೈಡ್ರಾಲಿಕ್ ಪ್ರೆಸ್ ಇರುವ ವಿಲ್ಸನ್ ಗಾರ್ಡನ್ನಿನ ಒಂದು ವರ್ಕ್‌ಶಾಪಿಗೆ ಬಿಟ್ಟೆ, ಏಕೆಂದರೆ ಸುತ್ತಿಗೆಯಿಂದ ಬಡಿದು ಕೂರಿಸಿದರೆ ಒಳಗಿನ ಗುಂಡುಗಳು ಓಡುವ ದಾರಿಯಲ್ಲಿ ಗುಳಿಬಿದ್ದು ಹೊಸ ಬೇರಿಂಗೂ ಬೇಗ ಹಾಳಾಗುತ್ತದೆ.

ಎಂಜಿನ್ನಿನ ಶಬ್ದಗಳಿಗೆ ನಾನು ಎರಡು ಸಾಧನ ಇಟ್ಟುಕೊಂಡಿದ್ದೇನೆ, ಒಂದು ಉದ್ದದ ಸ್ಕ್ರೂಡ್ರೈವರ್, ಇನ್ನೊಂದು ಗಿಡಕ್ಕೆ ನೀರು ಹಾಯಿಸುವ ಪೈಪಿನ ಮೂರು ಅಡಿ ತುಂಡು. ಲೋಹದೊಳಗಿನ ಬಡಿತ ಲೋಹದ ಮೂಲಕ ಬರುವುದರಿಂದ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ತಾಗಿಸಿ ಹಿಡಿಯನ್ನು ಕಿವಿಯ ಮುಂದಿನ ಎಲುಬಿಗೆ ಒತ್ತಿಕೊಂಡರೆ ಯಾವ ಭಾಗದ್ದೆಂದು ಗೊತ್ತಾಗುತ್ತದೆ. ಗಾಳಿಯ ಸೋರಿಕೆಗೆ ಅದು ಪ್ರಯೋಜನವಿಲ್ಲ, ಅಲ್ಲಿ ಪೈಪು ಬೇಕು. ಡಿಸೆಂಬರಿನ ಬೆಳಗಿನ ಚಳಿಯಲ್ಲಿ ಸ್ಟಾರ್ಟ್ ಮಾಡಿದಾಗ ನನ್ನ ಎಂಜಿನ್ ಟಕಟಕ ಎನ್ನುತ್ತ, ಬಿಸಿಯಾದಂತೆ ಸುಮ್ಮನಾಗುತ್ತಿತ್ತು. ಟ್ಯಾಪೆಟ್ ಆಗಿದ್ದರೆ ಬಿಸಿಯಾದ ಮೇಲೂ ಉಳಿಯುವ ಸಾಧ್ಯತೆ ಹೆಚ್ಚು. ಪೈಪಿನ ಒಂದು ತುದಿಯನ್ನು ಕಿವಿಗಿಟ್ಟು ಇನ್ನೊಂದನ್ನು ಎಂಜಿನ್ನಿನ ಹೊಗೆಯನ್ನು ಹೊರಗೊಯ್ಯುವ ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಉದ್ದಕ್ಕೂ ಸರಿಸಿದಾಗ ಒಂದು ಮೂಲೆಯಲ್ಲಿ ಶಬ್ದ ಚುಚ್ಚುವಷ್ಟು ಜೋರಾಯಿತು. ಅಲ್ಲಿಯೇ ಸಂದಿ ಮುಚ್ಚುವ ಗ್ಯಾಸ್ಕೆಟ್ಟಿನ ಪಕ್ಕ ಕಪ್ಪು ಮಸಿಯ ಗುರುತೂ ಇತ್ತು. ತಣ್ಣಗಿದ್ದಾಗ ಆ ಸಂದಿಯಿಂದ ಹೊಗೆ ಚಿಮ್ಮುತ್ತಿತ್ತು, ಬಿಸಿಯಾಗಿ ಲೋಹ ಹಿಗ್ಗಿದಾಗ ಸಂದಿ ಮುಚ್ಚಿಕೊಳ್ಳುತ್ತಿತ್ತು. ಹೀಗೆ ಬಾನೆಟ್ ತೆರೆದು ಕೇಳುವಾಗ ದುಪಟ್ಟಾ, ಸಡಿಲ ತೋಳು, ಕತ್ತಿನ ಸರ ಯಾವುದೂ ಬೆಲ್ಟಿನ ಹತ್ತಿರ ಇರಕೂಡದು. ರೇಡಿಯೇಟರಿನ ಫ್ಯಾನ್ ಯಾವ ಕ್ಷಣದಲ್ಲಾದರೂ ತಾನಾಗಿಯೇ ತಿರುಗಬಲ್ಲದು.

ಕೆಲವು ಶಬ್ದಗಳಿಗೆ ಪರೀಕ್ಷೆ ಸಲ್ಲದು. ಎಂಜಿನ್ನಿನ ತಳದಿಂದ ದಪ್ಪ ಬಡಿತದ ಜೊತೆ ಆಯಿಲ್ ದೀಪ ಹೊತ್ತಿದರೆ ಅಲ್ಲೇ ಬದಿಗೆ ನಿಲ್ಲಿಸಿ ಎಂಜಿನ್ ಆರಿಸಿ. ಬ್ರೇಕ್ ಒತ್ತಿದಾಗ ಲೋಹಕ್ಕೆ ಲೋಹ ಉಜ್ಜಿದ ಶಬ್ದ ಬಂದರೂ, ಬಡಿತದ ಜೊತೆ ಸ್ಟಿಯರಿಂಗ್ ಸಡಿಲವೆನಿಸಿದರೂ ಹಾಗೆಯೇ. ಚಕ್ರವನ್ನು ಲೋವರ್ ಆರ್ಮಿಗೆ ಹಿಡಿದಿಡುವ ಬಾಲ್ ಜಾಯಿಂಟ್ ಕಳಚಿದರೆ ಚಕ್ರವೇ ಮಡಚಿಕೊಳ್ಳುತ್ತದೆ.

ಇನ್ನು ಚಿಕ್ಕವು. ಬೆಳಗ್ಗೆ ಕಿಂಯ್ ಎನ್ನುವ ಬೆಲ್ಟಿನ ಮೇಲೆ ಎಂಜಿನ್ ಓಡುತ್ತಿರುವಾಗ ದೂರದಿಂದಲೇ ಒಂದಿಷ್ಟು ನೀರು ಚಿಮುಕಿಸಿದರೆ, ಶಬ್ದ ಇನ್ನೂ ಹೆಚ್ಚಾದರೆ ಬೆಲ್ಟು ಸಡಿಲವಾಗಿ ಜಾರುತ್ತಿದೆ ಎಂದೂ, ಸ್ವಲ್ಪ ಹೊತ್ತು ನಿಂತು ಮತ್ತೆ ಬಂದರೆ ಪುಲ್ಲಿಗಳು ಒಂದೇ ಸಾಲಿನಲ್ಲಿಲ್ಲ ಎಂದೂ ತಿಳಿಯಬಹುದು. ಪೂರ್ತಿ ಸ್ಟಿಯರಿಂಗ್ ತಿರುಗಿಸಿ ಎಕ್ಸೆಲರೇಟರ್ ಒತ್ತಿದಾಗ ಕಟಕಟ ಎಂದರೆ ಆಕ್ಸಲಿನ ಹೊರ ಜಾಯಿಂಟನ್ನೂ ಅದರ ರಬ್ಬರ್ ಬೂಟನ್ನೂ ನೋಡಬೇಕು. ಯಾವುದೋ ಒಂದೇ ಆರ್‌ಪಿಎಂನಲ್ಲಿ ಝಣಝಣ ಎನ್ನುವುದು ಬಹುತೇಕ ಸೈಲೆನ್ಸರಿನ ಮೇಲಿನ ಶಾಖ ತಡೆಯುವ ತಗಡು. ಒಂದು ಹೋಸ್ ಕ್ಲಿಪ್ ಸುತ್ತಿ ಬಿಗಿದರೆ ಮುಗಿಯಿತು. ಡಿಕ್ಕಿಯನ್ನು ಪೂರ್ತಿ ಖಾಲಿ ಮಾಡಿ, ಸ್ಟೆಪ್ನಿ ಮತ್ತು ಜಾಕಿಯನ್ನು ಇಳಿಸಿ ಒಮ್ಮೆ ಓಡಿಸುವುದನ್ನು ಎಲ್ಲಕ್ಕೂ ಮೊದಲೇ ಮಾಡಿ. ಹೊಂಗೆ ಮರದ ಕೆಳಗೆ ಕಾರು ನಿಲ್ಲಿಸುವ ನಮ್ಮಂಥವರಿಗೆ ಇನ್ನೊಂದಿದೆ: ಒಣಗಿದ ಕಾಯಿಯ ಸಿಪ್ಪೆ, ಎಲೆ, ಹೂವು ಮುಂಗಾಜಿನ ಬುಡದ ಜಾಲರಿಯಿಂದ ಇಳಿದು ಎ.ಸಿ. ಬ್ಲೋವರಿನ ಫ್ಯಾನಿಗೆ ತಾಗಿ ಟರಟರ ಎನ್ನುತ್ತವೆ. ಬ್ಲೋವರಿನ ವೇಗ ಬದಲಿಸಿದಂತೆ ಶಬ್ದವೂ ಬದಲಾದರೆ ಬೇರೆಲ್ಲೂ ಹುಡುಕಬೇಕಾಗಿಲ್ಲ.

ಸದ್ಯ ನನ್ನ ಕಾರಿನಲ್ಲಿ ಉಳಿದಿರುವುದು ನ್ಯೂಟ್ರಲ್‌ನಲ್ಲಿ ನಿಂತಾಗ ಬರುವ ಸಣ್ಣ ಗರಗರ. ಕ್ಲಚ್ ಪೆಡಲ್ ಪೂರ್ತಿ ಒತ್ತಿದರೆ ನಿಲ್ಲುತ್ತದೆ, ಬಿಟ್ಟರೆ ಬರುತ್ತದೆ. ಪೆಡಲ್ ಒತ್ತಿದಾಗ ಕ್ಲಚ್ಚನ್ನು ಬಿಡಿಸುವ ರಿಲೀಸ್ ಬೇರಿಂಗ್ ಕೆಟ್ಟಿದ್ದರೆ ಸಾಮಾನ್ಯವಾಗಿ ಇದಕ್ಕೆ ವಿರುದ್ಧವಾಗಿ, ಒತ್ತಿದಾಗ ಶಬ್ದ ಬರಬೇಕು. ಒತ್ತಿದಾಗ ತಿರುಗುವುದನ್ನು ನಿಲ್ಲಿಸುವುದು ಎಂಜಿನ್ನಿನ ಬಲವನ್ನು ಗೇರ್‌ಬಾಕ್ಸಿನೊಳಗೆ ತರುವ ಇನ್‌ಪುಟ್ ಶಾಫ್ಟ್, ಆದ್ದರಿಂದ ಅದರ ಬೇರಿಂಗಿನದೇ ಎಂದು ಗುರುತಿಸಿ ಬರೆದಿಟ್ಟಿದ್ದೇನೆ. ಗೇರ್ ಆಯಿಲ್ ಬದಲಿಸಿದಾಗ ಹಳೆಯ ಎಣ್ಣೆಯಲ್ಲಿ ಲೋಹದ ಚೂರು ಕಾಣಲಿಲ್ಲ, ಶಬ್ದವೂ ಹೆಚ್ಚುತ್ತಿಲ್ಲ. ಇಷ್ಟಕ್ಕೇ ಗೇರ್‌ಬಾಕ್ಸ್ ಇಳಿಸಿದರೆ ಭಾಗಕ್ಕಿಂತ ಕೂಲಿಯೇ ಹೆಚ್ಚಾಗುವುದರಿಂದ, ಕ್ಲಚ್ ಪ್ಲೇಟ್ ಬದಲಿಸುವ ಸಮಯ ಬಂದಾಗ ಎರಡೂ ಬೇರಿಂಗುಗಳನ್ನು ಒಟ್ಟಿಗೆ ಹಾಕಿಸುತ್ತೇನೆ. ಅಲ್ಲಿಯವರೆಗೆ ಪ್ರತಿ ತಿಂಗಳು, ಎಂಜಿನ್ ಬಿಸಿಯಾದ ಮೇಲೆ, ಮೊಬೈಲನ್ನು ಅದೇ ಜಾಗದಲ್ಲಿಟ್ಟು ಒಂದು ರೆಕಾರ್ಡಿಂಗ್ ಮಾಡಿ ಹಿಂದಿನದರ ಜೊತೆ ಹೋಲಿಸುತ್ತಿದ್ದೇನೆ.