ಪರಿಹಾರದ ಪ್ರಕಟಣೆ ಬಂದರೆ ಓದುವುದು ಹೇಗೆ?

2020ರ ಮೇ 6ರಂದು ಆಗಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ 1,610 ಕೋಟಿ ರೂಪಾಯಿಯ ಲಾಕ್‌ಡೌನ್ ಪರಿಹಾರ ಪ್ರಕಟಿಸಿದರು. ಆಟೊ, ಟ್ಯಾಕ್ಸಿ ಚಾಲಕರಿಗೆ ತಲಾ 5,000. ಆದರೆ ಟಿವಿಯಲ್ಲಿ ಸುದ್ದಿ ನೋಡಿದ್ದಕ್ಕೇ ಹಣ ಖಾತೆಗೆ ಬೀಳಲಿಲ್ಲ. ಸೇವಾ ಸಿಂಧು ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕಿತ್ತು. ಮುಂದೆ ಇಂಥ ಕಷ್ಟಕಾಲ ಬಂದರೆ ನಮಗೆ ಸೇರಬೇಕಾದ ಹಣ ಕೈ ತಪ್ಪಬಾರದು. ಅದಕ್ಕೆ ಪ್ರಕಟಣೆ ಓದುವ ಕ್ರಮ ಗೊತ್ತಿರಬೇಕು.

ಮೊದಲು ಆದೇಶ ಹುಡುಕಿ. ವಾಟ್ಸ್‌ಆ್ಯಪ್‌ನಲ್ಲಿ ಬಂದದ್ದು ಸಾಲದು. ರಾಜ್ಯದ ಆದೇಶದ ತಲೆಯ ಮೇಲೆ ‘ಕರ್ನಾಟಕ ಸರ್ಕಾರದ ನಡವಳಿಗಳು’ ಎಂದಿರುತ್ತದೆ. ಕೆಳಗೆ ವಿಷಯ, ಓದಲಾಗಿದೆ, ಪ್ರಸ್ತಾವನೆ. ಇವನ್ನು ಬೇಗ ದಾಟಿ, ಆದೇಶ ಸಂಖ್ಯೆ ಮತ್ತು ದಿನಾಂಕದ ನಂತರದ ಭಾಗಕ್ಕೆ ಬನ್ನಿ. ಯಾರಿಗೆ, ಎಷ್ಟು, ಯಾವ ಷರತ್ತು ಎಂಬುದೆಲ್ಲ ಅಲ್ಲೇ ಇರುತ್ತದೆ.

ಎರಡನೆಯದು, ನೀವು ಆ ಪಟ್ಟಿಯಲ್ಲಿ ಇದ್ದೀರಾ ಎಂದು ನೋಡುವುದು. ಬೀದಿ ವ್ಯಾಪಾರಿಗಳ ಪಿಎಂ ಸ್ವನಿಧಿ ಯೋಜನೆ 2020ರ ಜೂನ್‌ನಲ್ಲಿ ಶುರುವಾದಾಗ 10,000 ರೂಪಾಯಿವರೆಗೆ ಸಾಲ ಸಿಗುತ್ತಿತ್ತು. ಆದರೆ ಆ ವರ್ಷದ ಮಾರ್ಚ್ 24ರಂದು ಅಥವಾ ಅದಕ್ಕೆ ಮೊದಲೇ ವ್ಯಾಪಾರ ಮಾಡುತ್ತಿದ್ದವರಿಗೆ ಮಾತ್ರ. ಕೆ.ಆರ್. ಮಾರುಕಟ್ಟೆಯಲ್ಲಿ ವರ್ಷಗಟ್ಟಲೆ ಹೂವು ಮಾರಿದವರಾದರೂ ಬೀದಿ ವ್ಯಾಪಾರಿಗಳ ಸಮೀಕ್ಷೆಯಲ್ಲಿ ಹೆಸರು ಬಿಟ್ಟುಹೋಗಿದ್ದರೆ ಸ್ಥಳೀಯ ಸಂಸ್ಥೆಯಿಂದ ಶಿಫಾರಸು ಪತ್ರ ತರಬೇಕಿತ್ತು.

ಮೂರನೆಯದರಲ್ಲಿ ಜಾಸ್ತಿ ಜನ ಎಡವುತ್ತಾರೆ. ನಾವು ಕಟ್ಟಬೇಕಾದ ಹಣವನ್ನು ಪೂರ್ತಿ ಮನ್ನಾ ಮಾಡಿದರೋ, ಕಟ್ಟುವ ದಿನ ಮುಂದಕ್ಕೆ ಹಾಕಿದರೋ? ಮೇ 6ರ ಪ್ರಕಟಣೆಯಲ್ಲೇ ಎರಡೂ ಇದ್ದವು. ಪೀಣ್ಯದಂಥ ಕಡೆಯ ಸಣ್ಣ ಕೈಗಾರಿಕೆಗಳಿಗೆ ಎರಡು ತಿಂಗಳ ವಿದ್ಯುತ್ ನಿಗದಿತ ಶುಲ್ಕ ಮನ್ನಾ. ದೊಡ್ಡ ಕೈಗಾರಿಕೆಗಳಿಗೆ ಬರೀ ಮುಂದೂಡಿಕೆ.

ರಿಸರ್ವ್ ಬ್ಯಾಂಕ್ ಮಾರ್ಚ್ 27ರಂದು ಪ್ರಕಟಿಸಿದ ಸಾಲದ ಕಂತಿನ ವಿನಾಯಿತಿಯೂ ಮುಂದೂಡಿಕೆಯೇ. ಮೊದಲು ಮೂರು ತಿಂಗಳು, ಆಮೇಲೆ ಆಗಸ್ಟ್ 31ರವರೆಗೆ. ಕಂತು ನಿಂತರೂ ಬಡ್ಡಿ ನಿಲ್ಲಲಿಲ್ಲ. ಲೆಕ್ಕ ಹಾಕಿ ನೋಡಿ: 5 ಲಕ್ಷ ಸಾಲ ಬಾಕಿ, ಶೇ 9ರ ಬಡ್ಡಿ ಎಂದರೆ ತಿಂಗಳಿಗೆ 3,750. ಮೂರು ತಿಂಗಳಿಗೆ 11,250 ರೂಪಾಯಿ ಸಾಲದ ತಲೆಗೇ ಸೇರುತ್ತದೆ. ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ 2 ಕೋಟಿವರೆಗಿನ ಸಾಲಗಳಿಗೆ ಬಡ್ಡಿ ಮೇಲಿನ ಬಡ್ಡಿಯನ್ನು ತಾನು ಭರಿಸಿತು. ಮೂಲ ಬಡ್ಡಿ ಸಾಲಗಾರನ ಮೇಲೇ ಉಳಿಯಿತು. ಕೈಯಲ್ಲಿ ದುಡ್ಡಿದ್ದರೆ ಕಂತು ಕಟ್ಟುವುದೇ ಒಳ್ಳೆಯದು. ದುಡಿಮೆ ನಿಂತ ಮನೆಗೆ ಮಾತ್ರ ಇಂಥ ಅವಕಾಶ ದೊಡ್ಡ ಆಸರೆ, ಬಳಸಲು ಹಿಂಜರಿಯಬೇಡಿ.

‘ಯಾವುದು ಕಡಿಮೆಯೋ ಅದು’ ಎಂಬ ಸಾಲು ಕಂಡರೆ ಪೆನ್ನು ತೆಗೆದುಕೊಳ್ಳಿ. ಆಗ ಪಿಎಫ್ ಖಾತೆಯಿಂದ ಶೇ 75ರಷ್ಟು ಅಥವಾ ಮೂರು ತಿಂಗಳ ಮೂಲ ವೇತನ ಮತ್ತು ತುಟ್ಟಿಭತ್ಯೆ, ಇವೆರಡರಲ್ಲಿ ಕಡಿಮೆ ಇರುವಷ್ಟು ಹಣ ತೆಗೆಯಬಹುದಿತ್ತು. ಖಾತೆಯಲ್ಲಿ 1,20,000 ಇದೆ, ಮೂಲ ವೇತನ ಮತ್ತು ಭತ್ಯೆ ಸೇರಿ 15,000 ಎಂದುಕೊಳ್ಳಿ. ಸಿಗುವುದು 90,000 ಅಲ್ಲ, 45,000.

ಕೊನೆಗೆ ಅರ್ಜಿ. ಆಧಾರ್ ಜೋಡಣೆಯಾದ ಖಾತೆ ಚಾಲ್ತಿಯಲ್ಲಿದೆಯೇ ಎಂದು ಬ್ಯಾಂಕಿನಲ್ಲಿ ಮೊದಲೇ ಕೇಳಿ. ದಾಖಲೆಗಳಲ್ಲಿ ಹೆಸರಿನ ಅಕ್ಷರ ಒಂದೇ ಥರ ಇರಲಿ. ಸೈಬರ್ ಸೆಂಟರ್‌ನಲ್ಲಿ ಬೇರೆಯವರು ತುಂಬಿಸಿಕೊಟ್ಟರೂ ಮೊಬೈಲ್ ಸಂಖ್ಯೆ ನಿಮ್ಮದೇ ಕೊಡಿ, ಸ್ವೀಕೃತಿ ಸಂಖ್ಯೆಯ ಫೋಟೊ ತೆಗೆದಿಟ್ಟುಕೊಳ್ಳಿ. ಹಣ ಬರದಿದ್ದರೆ ಇಲಾಖೆಯಲ್ಲಿ ವಿಚಾರಿಸುವಾಗ ಮೊದಲು ಕೇಳುವುದೇ ಆ ಸಂಖ್ಯೆಯನ್ನು.