ಆರು ಸಾಲಿನ ಪ್ರಾರ್ಥನೆ: ನಾಳೆಯ ಭಯಕ್ಕೆ ನಾನು ಕಂಡುಕೊಂಡ ಕ್ರಮ

ದಿನಾ ಬೆಳಿಗ್ಗೆ ನೋಟ್‌ಬುಕ್ಕಿನಲ್ಲಿ ಆರು ಸಾಲಿನ ಪ್ರಾರ್ಥನೆ ಬರೆಯುತ್ತೇನೆ. ‘ಪ್ರಾರ್ಥನೆಗೂ ನೋಟ್‌ಬುಕ್ಕೇ? ದೇವರ ಜೊತೆ ಲೆಕ್ಕದ ವ್ಯವಹಾರವೇ?’ ಅಂದವರೇ ಹೆಚ್ಚು. ಕೆಲಸ ಹೋದಾಗಲೂ, ಆಸ್ಪತ್ರೆಯ ವರದಿಗೆ ಕಾಯುವಾಗಲೂ ಇದೇ ಕ್ರಮ ನನ್ನನ್ನು ಹಿಡಿದು ನಿಲ್ಲಿಸಿದೆ. ಹಾಗೆ ಅಂದವರಲ್ಲಿ ಇಬ್ಬರು ಈಗ ತಾವೂ ಬರೆಯುತ್ತಿದ್ದಾರೆ.

ಅಚ್ಚು ಬೈಬಲ್ಲಿನ 13ನೇ ಕೀರ್ತನೆಯದು. ಆರೇ ವಚನ. ಮೊದಲೆರಡು ದೂರು, ಅದರಲ್ಲೇ ನಾಲ್ಕು ಸಲ ‘ಎಷ್ಟರವರೆಗೆ’ ಎಂಬ ಪ್ರಶ್ನೆ. ಆಮೇಲೆ ಎರಡು ಬೇಡಿಕೆ, ಕೊನೆಗೆರಡು ಭರವಸೆ. ಬೆಳಿಗ್ಗೆ ಇದೇ ಅಳತೆಯಲ್ಲಿ ಆರು ಸಾಲು ಬರೆದು ಬಾಯಿಬಿಟ್ಟು ಓದುತ್ತೇನೆ. ಹತ್ತು ನಿಮಿಷ ಸಾಕು. ದೂರಿನಲ್ಲಿ ಭಯದ ಹೆಸರು ನೇರವಾಗಿ ಇರಬೇಕು: ‘ಕಷ್ಟ’ ಅಂತಲ್ಲ, ‘ಬರುವ ತಿಂಗಳ ಬಾಡಿಗೆ ಕಟ್ಟಲಾಗದೆ ಹೋದೀತು’ ಅಂತ. ಬೇಡಿಕೆ ಇವತ್ತಿಗೆ ಬೇಕಾದಷ್ಟಕ್ಕೆ ಮಾತ್ರ. ಭರವಸೆಯ ಸಾಲಿನಲ್ಲಿ ‘ಹೀಗೇ ಆಗುತ್ತದೆ’ ಎಂದು ಬರೆಯಬಾರದು. ದೇವರು ಎಂಥವನು ಅನ್ನುವುದಷ್ಟೇ ಇರಲಿ. ಈ ವ್ಯತ್ಯಾಸ ತಿಳಿಯಲು ನನಗೆ ಒಂದು ವರ್ಷ ಹಿಡಿಯಿತು. ಫಲಿತಾಂಶದ ಮೇಲೆ ಭಾರ ಹಾಕಿದರೆ, ಅದು ತಪ್ಪಿದ ದಿನ ದೇವರೇ ಮಾತು ತಪ್ಪಿದ ಹಾಗೆ ಅನ್ನಿಸಿಬಿಡುತ್ತದೆ.

ದೂರು ಬಿಟ್ಟು ನೇರ ಸ್ತೋತ್ರಕ್ಕೆ ಹಾರಿದ ದಿನಗಳಲ್ಲಿ ಚಿಂತೆ ರಾತ್ರಿ ಎರಡು ಗಂಟೆಗೆ ಎಬ್ಬಿಸುತ್ತಿತ್ತು. ಬೈಬಲ್ಲಿನ ಗಿದ್ಯೋನ ನೆಲದ ಮೇಲೆ ಉಣ್ಣೆ ಹಾಸಿ, ಅದು ಮಾತ್ರ ಮಂಜಿಗೆ ನೆನೆಯಲಿ ಅಂತ ದೇವರನ್ನು ಕೇಳಿದ ಹಾಗೆ ನಾನೂ ಗುರುತು ಕೇಳಿದ್ದು ಇನ್ನೂ ಕೆಟ್ಟದಾಗಿ ಕೈಕೊಟ್ಟಿತು. ಒಂದು ಗುರುತು ಸಿಕ್ಕರೆ ಅದು ನಿಜವೇ ಅಂತ ನೋಡಲು ಇನ್ನೊಂದು ಬೇಕಾಗುತ್ತದೆ. ಗಿದ್ಯೋನನೂ ಎರಡನೇ ಸಲ ಕೇಳಿದನಲ್ಲ, ಅದೂ ದೇವರು ಮೊದಲೇ ಮಾತು ಕೊಟ್ಟಿದ್ದ ಮೇಲೆ! ಪ್ರಾರ್ಥಿಸಿ, ಅರ್ಜಿ ಹಾಕದೆ ಕೂತದ್ದು ಮತ್ತೊಂದು ತಪ್ಪು. ಈಗ ಆರು ಸಾಲಿನ ಕೆಳಗೆ ಕತ್ತಲಾಗುವುದರೊಳಗೆ ಮುಗಿಯುವಂಥ ಒಂದು ಕೆಲಸ ಬರೆಯುತ್ತೇನೆ. ಎರಡು ಬರೆದರೆ ಎರಡೂ ಉಳಿಯುತ್ತವೆ.

ವಾದ ಹೆಚ್ಚು ನಡೆದದ್ದು ದುಡ್ಡಿನ ಬಗ್ಗೆ. ‘ನಂಬಿಕೆ ಇದ್ದವರಿಗೆ ಉಳಿತಾಯ ಯಾಕೆ?’ ಬೈಬಲ್ಲಿನ ವಿಮೋಚನಕಾಂಡದ 16ನೇ ಅಧ್ಯಾಯ ನಿಧಾನವಾಗಿ ಓದಿ ನೋಡಿ. ಮರುಭೂಮಿಯಲ್ಲಿ ದೇವರು ಇಸ್ರಾಯೇಲ್ಯರಿಗೆ ಕೊಟ್ಟ ಆಹಾರ ಮನ್ನ, ದಿನಕ್ಕೆ ತಲೆಗೊಂದು ಓಮೆರ್ (ಆ ಕಾಲದ ಒಂದು ಅಳತೆ). ಮಾತು ಮೀರಿ ಮರುದಿನಕ್ಕೆ ಇಟ್ಟದ್ದು ಹುಳಬಿದ್ದು ನಾತ ಹಿಡಿಯಿತು. ಆರನೇ ದಿನ ಮಾತ್ರ, ಮರುದಿನದ ವಿಶ್ರಾಂತಿಗೆಂದು, ಎರಡೆರಡು ಓಮೆರ್ ಕೂಡಿಸಿಟ್ಟರು, ಅದು ಕೆಡಲಿಲ್ಲ. ಹಾಗಾಗಿ ನನ್ನ ಉಳಿತಾಯದ ಪ್ರತಿ ಭಾಗಕ್ಕೂ ಒಂದು ಹೆಸರಿದೆ: ಸುಮಾರು ಮೂರು ತಿಂಗಳ ಮನೆಖರ್ಚು, ಮಕ್ಕಳ ಫೀಸು, ಔಷಧಿ. ಹೆಸರಿಲ್ಲದೆ ಸುಮ್ಮನೆ ಕೂಡಿಟ್ಟ ದುಡ್ಡೇ ನಿದ್ದೆ ಕೆಡಿಸುತ್ತಿದ್ದದ್ದು. ದಶಮಾಂಶವನ್ನು, ಅಂದರೆ ದೇವರಿಗೆಂದು ಕೊಡುವ ಆದಾಯದ ಹತ್ತನೇ ಒಂದು ಪಾಲನ್ನು, ಹಣ ಕೈಗೆ ಬಂದ ದಿನವೇ ಎತ್ತಿಡಬೇಕು. ತಿಂಗಳ ಕೊನೆಗೆ ಬಿಟ್ಟ ಮೊದಲ ವರ್ಷ ನಾಲ್ಕೈದು ಸಲ ಏನೂ ಉಳಿಯಲಿಲ್ಲ. ಆದಾಯ ಅರ್ಧವಾದರೆ ದಶಮಾಂಶವೂ ಅರ್ಧ. ಸಾಲ ಮಾಡಿ ಕೊಡಬೇಡಿ. ಒಮ್ಮೆ ಹಾಗೆ ಮಾಡಿದ್ದನ್ನು ತೀರಿಸಲು ಎಂಟು ತಿಂಗಳು ಬೇಕಾಯಿತು.

ನಡುವೆ ಎರಡು ವಾರ, ಬೈಬಲ್ಲಿನ ಶೋಕಗೀತೆಗಳ ಪುಸ್ತಕವಾದ ಪ್ರಲಾಪಗಳ 3ನೇ ಅಧ್ಯಾಯದ ಅಳತೆಯಲ್ಲಿ ಬರೆದೆ. ಅಲ್ಲಿ ಇಪ್ಪತ್ತು ವಚನ ಬರೀ ಸಂಕಟ, 21ರಲ್ಲಿ ತಿರುವು. ದಿನನಿತ್ಯಕ್ಕೆ ಉದ್ದವಾಯಿತು, ಆದರೆ ಸಾವಾದ ಮನೆಯ ದಿನಗಳಿಗೆ ಆರು ಸಾಲು ಸಾಲದು, ಈ ಉದ್ದದ ಅಳತೆಯೇ ಸರಿ.

ಹಳೆಯ ಪುಟಗಳನ್ನು ಯಾವಾಗ, ಯಾವ ಕ್ರಮದಲ್ಲಿ ತಿರುವಿಹಾಕಬೇಕು ಅನ್ನುವುದನ್ನು ಇಲ್ಲಿ ಹೇಳುವುದಿಲ್ಲ. ಆರು ತಿಂಗಳು ಬರೆದವರು ತಾವೇ ಕಂಡುಕೊಳ್ಳುತ್ತಾರೆ. ಇಷ್ಟು ಹೇಳಬಲ್ಲೆ: ಮೊದಲ ನೋಟ್‌ಬುಕ್ಕಿನ ನೂರರಷ್ಟು ಭಯಗಳಲ್ಲಿ ಮೂವತ್ತರಷ್ಟು ನಿಜವಾಗಿಯೂ ಎದುರಾದವು. ತಡೆದುಕೊಳ್ಳುವ ಬಲ ಆಯಾ ದಿನವೇ ಬಂತು, ಹಿಂದಿನ ರಾತ್ರಿ ಎಷ್ಟು ಹುಡುಕಿದರೂ ಸಿಗಲಿಲ್ಲ.

ಭರವಸೆಯ ಸಾಲು ಬರದ ದಿನ ಸುಳ್ಳು ಬರೆಯುವುದಿಲ್ಲ. 88ನೇ ಕೀರ್ತನೆ ಕತ್ತಲಲ್ಲೇ ಮುಗಿಯುತ್ತದೆ, ಆದರೂ ಅದು ದೇವರ ಮುಂದೆಯೇ ಆಡಿದ ಮಾತು. ಅಂಥ ದಿನ ನಾಲ್ಕು ಸಾಲಿಗೆ ನಿಲ್ಲಿಸಿ, ತಾರೀಖು ಹಾಕಿ, ಕೆಳಗೆ ಆ ದಿನದ ಕೆಲಸ ಬರೆಯುತ್ತೇನೆ. ಹೀಗೆ ನಾಲ್ಕೇ ಸಾಲಿನ ಪುಟಗಳು ಒಮ್ಮೆ ಸತತ ಹನ್ನೊಂದು ದಿನ ಬಂದಿವೆ.