ಹ್ಯಾಂಡೋವರ್ ಬುಕ್ ಮನೆಗೂ ಬಂತು

ಹನ್ನೊಂದು ವರ್ಷ ಮಡಿಕೇರಿಯ ಒಂದು ರೆಸಾರ್ಟಿನ ರಿಸೆಪ್ಷನ್‌ನಲ್ಲಿ ನಿಂತವಳು ನಾನು. ನಿಜಕ್ಕೂ ನಿಂತವಳೇ, ಕೌಂಟರಿನ ಹಿಂದೆ ಕುರ್ಚಿ ಇರಲಿಲ್ಲ. 2018ರ ಆಗಸ್ಟಿನಲ್ಲಿ ಗುಡ್ಡಗಳು ಕುಸಿದಾಗ ಬುಕಿಂಗ್ ಎಲ್ಲ ರದ್ದಾಯಿತು. ಸುಧಾರಿಸಿಕೊಳ್ಳುವಷ್ಟರಲ್ಲಿ 2020ರ ಲಾಕ್‌ಡೌನ್. ಅರ್ಧ ಸಂಬಳಕ್ಕೆ ಮನೆಯಲ್ಲಿ ಕೂತಾಗ ಬೀರುವಿನಲ್ಲಿದ್ದ ಬಿಕಾಂ ಸರ್ಟಿಫಿಕೇಟ್ ನೆನಪಾಯಿತು. ಆಮೇಲೆ ಕುಶಾಲನಗರಕ್ಕೆ ಹೋಗಿ ಲೆಕ್ಕ ಬರೆಯುವ ಸಾಫ್ಟ್‌ವೇರ್ ಟ್ಯಾಲಿಯನ್ನು ಮೂರು ತಿಂಗಳು ಕಲಿತೆ. ಈಗ ಮೂರ್ನಾಡು ಹತ್ತಿರದ ನಮ್ಮ ಮನೆಯಲ್ಲೇ ಕೂತು ಹೋಂಸ್ಟೇ, ಗೊಬ್ಬರದ ಅಂಗಡಿ, ಹಾರ್ಡ್‌ವೇರ್ ಅಂತ ಒಂಬತ್ತು ಜನರ ಲೆಕ್ಕ ಬರೆಯುತ್ತೇನೆ, ಜಿಎಸ್‌ಟಿ ರಿಟರ್ನ್ ಹಾಕುತ್ತೇನೆ.

ಕೆಲಸ ಕಲಿಯುವುದು ಕಷ್ಟ ಆಗಲಿಲ್ಲ. ಕಷ್ಟ ಆಗಿದ್ದು ಕೆಲಸ ನಿಲ್ಲಿಸುವುದು.

ರೆಸಾರ್ಟಿನಲ್ಲಿ ಒಂದು ದಪ್ಪ ಹ್ಯಾಂಡೋವರ್ ಬುಕ್ ಇತ್ತು. '204ರಲ್ಲಿ ಗೀಸರ್ ಕೆಟ್ಟಿದೆ, 110ರವರಿಗೆ ಬೆಳಗ್ಗೆ ಐದಕ್ಕೆ ಟ್ಯಾಕ್ಸಿ' ಅಂತ ಬರೆದು ಮುಂದಿನ ಶಿಫ್ಟಿನವರ ಕೈಗೆ ಕೊಟ್ಟರೆ ಮುಗಿಯಿತು. ಗೇಟು ದಾಟಿದ ಮೇಲೆ ಗೀಸರ್ ನನ್ನ ತಲೆನೋವಲ್ಲ. ಮನೆಯಲ್ಲಿ ಯಾರ ಕೈಗೆ ಕೊಡಲಿ? ರಾತ್ರಿ ಅನ್ನಕ್ಕೆ ಇಟ್ಟು ಒಂದು ಎಂಟ್ರಿ ನೋಡೋಣ ಅಂತ ಕೂತರೆ ಹನ್ನೊಂದು ಗಂಟೆ. ಅನ್ನ ಎರಡು ಸಲ ತಳ ಹಿಡಿದಿದೆ.

ಹಗಲಿನ ಕಥೆ ಇನ್ನೊಂದು. 'ಹೇಗೂ ಮನೇಲೇ ಇದ್ದೀಯಲ್ಲ' ಅನ್ನುವ ಮಾತು. ಗ್ಯಾಸ್ ಬಂದರೆ ನಾನು, ನೆಂಟರು ಬಂದರೆ ನಾನು. ಜನವರಿಯಲ್ಲಿ ಕೊಯ್ಲು, ಕಣದ ತುಂಬ ಕಾಫಿ ಹರಡಿರುತ್ತದೆ. ಸ್ವಲ್ಪ ಮೋಡ ಕಂಡರೆ ಸಾಕು, ಅತ್ತೆ 'ಟಾರ್ಪಾಲು, ಟಾರ್ಪಾಲು' ಅಂತ ಕೂಗುತ್ತಾರೆ. ಓಡಲೇಬೇಕು, ವರ್ಷದ ದುಡಿಮೆ ಅದು. ವಾಪಸ್ ಬರುವಷ್ಟರಲ್ಲಿ ಜಿಎಸ್‌ಟಿ ಪೋರ್ಟಲ್ ತಾನಾಗಿಯೇ ಲಾಗೌಟ್ ಆಗಿರುತ್ತದೆ.

ಆರು ತಿಂಗಳು ಹೀಗೆ ಒದ್ದಾಡಿದ ಮೇಲೆ ಮೂರ್ನಾಡಿನ ಅಂಗಡಿಯಿಂದ ಇನ್ನೂರು ಪುಟದ ಒಂದು ಲಾಂಗ್ ಬುಕ್ ತಂದೆ. ಸಂಜೆ ಐದಕ್ಕೆ, ರೆಸಾರ್ಟಿನಲ್ಲಿ ಬರೆಯುತ್ತಿದ್ದ ಹಾಗೇ, ಬರೆಯಲು ಶುರು ಮಾಡಿದೆ. 'ಹಾರ್ಡ್‌ವೇರಿನವರ ಎರಡು ಬಿಲ್ ಬಾಕಿ. ಸಿದ್ದಾಪುರದವರಿಗೆ ಬೆಳಗ್ಗೆ ಫೋನ್.' ಬೆಳಗಿನ ಶಿಫ್ಟಿನವಳೂ ನಾನೇ, ಗೊತ್ತು. ಆದರೂ ಬರೆದು ಮುಚ್ಚಿದರೆ ತಲೆಯಿಂದ ಇಳಿಯುತ್ತದೆ. ಸಹಿಯನ್ನೂ ಹಾಕುತ್ತೇನೆ. ಮೊದಲು ನಗುತ್ತಿದ್ದ ಗಂಡ ಈಗ ತೋಟದ ಆಳಿನ ಲೆಕ್ಕವನ್ನು ಅದರ ಹಿಂದಿನ ಪುಟಗಳಲ್ಲಿ ಬರೆಯುತ್ತಾರೆ. ಅತ್ತೆಗೂ ಬುಕ್ ತೆರೆದಿದ್ದರೆ ಡ್ಯೂಟಿ, ಮುಚ್ಚಿದರೆ ಇಲ್ಲ ಅಂತ ಲೆಕ್ಕ ಸಿಕ್ಕಿತು. ಮೋಡ ಬಂದಾಗ ಮಾತ್ರ ಈ ನಿಯಮ ನಡೆಯುವುದಿಲ್ಲ.

ಮಳೆಗಾಲದ ಪಾಠಕ್ಕೆ ದುಡ್ಡೂ ಹೋಯಿತು, ಮಾನವೂ ಹೋಯಿತು. ನಮ್ಮಲ್ಲಿ ಜುಲೈ ಬಂತೆಂದರೆ ಕಾಗದ ಬಟ್ಟೆಯ ಹಾಗೆ ಮೆತ್ತಗಾಗುತ್ತದೆ. ಒಂದು ಕಟ್ಟು ಪೆಟ್ರೋಲ್ ಬಿಲ್ಲುಗಳು ಒದ್ದೆಯಾಗಿದ್ದವು. ಬಟ್ಟೆ ಒಣಗಿಸುವ ಹಾಗೆ ಒಲೆಯ ಮೇಲಿನ ಅಟ್ಟದಲ್ಲಿ ಹರಡಿದೆ. ಬೆಳಗ್ಗೆ ನೋಡಿದರೆ ಎಲ್ಲ ಕಪ್ಪು! ಅದು ಥರ್ಮಲ್ ಪೇಪರ್, ಬಿಸಿ ತಾಗಿದರೇ ಅದರ ಮೇಲೆ ಅಕ್ಷರ ಮೂಡುವುದು. ಇಡೀ ಹಾಳೆಗೆ ಬಿಸಿ ಕೊಟ್ಟರೆ ಇಡೀ ಹಾಳೆ ಕಪ್ಪಾಗದೆ ಇನ್ನೇನು? ಅಂದಿನಿಂದ ಬಿಲ್ ಕೈಗೆ ಬಂದ ದಿನವೇ ಫೋಟೋ ತೆಗೆಯುತ್ತೇನೆ.

ಕರೆಂಟಿನ ವಿಷಯ ಕೇಳಬೇಡಿ. ಲೈನ್ ಮೇಲೆ ಮರ ಬಿದ್ದರೆ ಎರಡು ದಿನ, ಮೂರು ದಿನ. ಮೊದಲು ಇನ್ವರ್ಟರಿಗೆ ಟಿವಿ, ಫ್ಯಾನ್ ಎಲ್ಲ ಸೇರಿಸಿದ್ದೆವು. ಈಗ ಒಂದೆರಡು ಬಲ್ಬು, ರೂಟರ್, ಲ್ಯಾಪ್‌ಟಾಪ್, ಅಷ್ಟೇ. ಆದರೆ ನಮ್ಮ ಮನೆಯಲ್ಲಿ ಇನ್ವರ್ಟರ್ ಇದ್ದರೂ ದಾರಿಯಲ್ಲೆಲ್ಲೋ ಫೈಬರ್ ತುಂಡಾಗಿದ್ದರೆ ನೆಟ್ ಇಲ್ಲ. ಅದಕ್ಕೇ ಬೇರೆ ಬೇರೆ ಕಂಪನಿಯ ಎರಡು ಸಿಮ್. ಒಂದಕ್ಕೆ ಕಣದ ಮೂಲೆಯಲ್ಲಿ ಮಾತ್ರ ಸಿಗ್ನಲ್, ಕೊಡೆ ಹಿಡಿದು ನಿಲ್ಲಬೇಕು. ಹನ್ನೊಂದು ವರ್ಷ ನಿಂತ ಅಭ್ಯಾಸ ಇದೆಯಲ್ಲ.

ನನ್ನ ಸಿಗ್ನಲ್ ಇದ್ದರೂ ಸಾಲದು. ರಿಟರ್ನ್ ಹಾಕುವಾಗ ಒಟಿಪಿ ಹೋಗುವುದು ವ್ಯಾಪಾರದವರ ಫೋನಿಗೆ. ಅವರು ತೋಟದೊಳಗಿದ್ದರೆ ಯಾವ ಒಟಿಪಿ? ಮೊದಲ ವರ್ಷದ ಜುಲೈ 20, ಜಿಎಸ್‌ಟಿಆರ್-3ಬಿ ಅನ್ನುವ ತಿಂಗಳ ರಿಟರ್ನ್ ಹಾಕಲು ಕೊನೆಯ ದಿನ. ಒಬ್ಬರು ಏಲಕ್ಕಿ ತೋಟದಲ್ಲಿ, ನಾನು ಕಣದಲ್ಲಿ, ಮಳೆ ಇಬ್ಬರ ಮೇಲೂ. ರಾತ್ರಿ ಎಂಟರವರೆಗೆ ಕಾದೆ. ತಡವಾದರೆ ದಿನಕ್ಕೆ 50 ರೂಪಾಯಿ ದಂಡ, ತೆರಿಗೆಯ ಮೇಲೆ ಬಡ್ಡಿ ಬೇರೆ. ಅವರ ಹೆಂಡತಿ ಲ್ಯಾಂಡ್‌ಲೈನಿನಲ್ಲಿ ಸಿಕ್ಕಿ, 'ಅವರು ಜೀಪ್ ತೆಗೊಂಡು ಮೇಲಿನ ರಸ್ತೆಗೆ ಹೋದ್ರು, ಅಲ್ಲಿಂದ ಮಾಡ್ತಾರಂತೆ' ಅಂದರು. ಒಂಬತ್ತೂಕಾಲಿಗೆ ಫೋನ್ ಬಂತು. ಆರು ಅಂಕಿ, ಗಾಳಿಯ ಸದ್ದಿನಲ್ಲಿ ಮೂರು ಸಲ ಹೇಳಿಸಿಕೊಂಡೆ.

ಈಗ ತಿಂಗಳ 15ರೊಳಗೆ ಎಲ್ಲರ ರಿಟರ್ನನ್ನೂ ಮುಗಿಸುತ್ತೇನೆ. ಬುಕ್ಕಿನಲ್ಲಿ ಆ ಜುಲೈ 20ರ ಪುಟದಲ್ಲಿ ಐದು ಗಂಟೆಯ ಸಹಿ ಇಲ್ಲ, ಅಲ್ಲಲ್ಲಿ ಶಾಯಿ ಹರಡಿದೆ, ಮೂಲೆಯಲ್ಲಿ ಆ ಆರು ಅಂಕಿಗಳಿವೆ.